ರಾತ್ರಿ ಇಳಿಯಬೇಕಾದ ಒತ್ತಡ: ದೇಹದ ಗಡಿಯಾರ ಮತ್ತು ರಕ್ತದೊತ್ತಡದ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ರಕ್ತದೊತ್ತಡಕ್ಕೆ ಒಂದು ಪುಟ್ಟ ಚೌಕಟ್ಟು ಮೀಸಲಾಗಿದೆ. ಸಂಕೋಚನ ಒತ್ತಡ ಸುಮಾರು 120, ವ್ಯಾಕೋಚನ ಒತ್ತಡ ಸುಮಾರು 80 ಪಾದರಸದ ಮಿಲಿಮೀಟರ್ ಎಂದು ಅಲ್ಲಿ ಹೇಳಿದೆ. ಬೋಧನಾಭ್ಯಾಸದಲ್ಲಿ ಈ ಭಾಗ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ 120/80 ಎಂದು ಬರೆಯುತ್ತಾರೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ‘ಸಾಮಾನ್ಯ ರಕ್ತದೊತ್ತಡ ಎಷ್ಟು?’ ಎಂಬ ಪ್ರಶ್ನೆಯೊಂದಿಗೆ ಮೌಲ್ಯಮಾಪನವೂ ಆಗುತ್ತದೆ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಎತ್ತರದಂತೆ, ರಕ್ತದ ಗುಂಪಿನಂತೆ ಒಬ್ಬ ಮನುಷ್ಯನಿಗೆ ಒಂದೇ ರಕ್ತದೊತ್ತಡ ಎಂಬ ತಪ್ಪುಕಲ್ಪನೆ ಮಗುವಿನ ಮನಸ್ಸಿನಲ್ಲಿ ನೆಲೆಯೂರುತ್ತದೆ.

ಈ ತಪ್ಪುಕಲ್ಪನೆ ನಮ್ಮ ಭಾಗದಲ್ಲಿ ಪರೀಕ್ಷೆಯ ಅಂಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮದಕರಿಪುರದ ಸುತ್ತಲಿನ ಅಭ್ಯಾಸ ಶಾಲೆಗಳಿಗೆ ಬರುವ ಮಕ್ಕಳ ಮನೆಗಳನ್ನು ನೆನೆಯಿರಿ. ಹೊಳಲ್ಕೆರೆಯ ಅಡಿಕೆ ತೋಟಕ್ಕೂ ಹೊಸದುರ್ಗದ ತೆಂಗಿನ ತೋಟಕ್ಕೂ ನೀರು ಕೊಳವೆಬಾವಿಯಿಂದ ಬರಬೇಕು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಪಾಳಿ ರಾತ್ರಿಯದಾದರೆ ಅಪ್ಪ ರಾತ್ರಿಯೆಲ್ಲ ತೋಟದಲ್ಲಿ. ಹಿರಿಯೂರು, ಚಿತ್ರದುರ್ಗದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಲಾರಿ ಓಡಿಸುವವರಿದ್ದಾರೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಶುಶ್ರೂಷಕಿಯರಿದ್ದಾರೆ. ಇವರೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸುವುದು ಹಗಲಿನಲ್ಲಿ. ರಾತ್ರಿ ಅವರ ಒತ್ತಡ ಎಷ್ಟಿರುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಅದು ಏಕೆ ಮುಖ್ಯ, ದೇಹದೊಳಗಿನ ಗಡಿಯಾರಕ್ಕೂ ಅದಕ್ಕೂ ಏನು ಸಂಬಂಧ, ಇದನ್ನು ತರಗತಿಗೆ ಹೇಗೆ ಒಯ್ಯಬಹುದು ಎಂಬುದನ್ನು ಇಲ್ಲಿ ನೋಡೋಣ.

ಒತ್ತಡದ ಒಂದು ದಿನ

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ರೂಪಿಸಿದರು. ಸ್ಟೆತಸ್ಕೋಪಿನಿಂದ ನಾಡಿಯ ಸದ್ದು ಕೇಳಿ ಎರಡೂ ಸಂಖ್ಯೆಗಳನ್ನು ಗುರುತಿಸುವ ಕ್ರಮವನ್ನು 1905ರಲ್ಲಿ ರಷ್ಯಾದ ಕೊರೊಟ್ಕೊಫ್ ತಿಳಿಸಿದರು. ಎರಡೂ ಆ ಕ್ಷಣದ ಅಳತೆಗಳು. ಇಡೀ ದಿನದ ಏರಿಳಿತ ತಿಳಿಯಲು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಯಂತ್ರವೊಂದು ಬೇಕಾಯಿತು. ಅದು ಹಗಲಿನಲ್ಲಿ ಹದಿನೈದು-ಮೂವತ್ತು ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ತೋಳಪಟ್ಟಿಗೆ ತಾನೇ ಗಾಳಿ ತುಂಬಿ ಅಳೆದು ದಾಖಲಿಸಿಕೊಳ್ಳುತ್ತದೆ.

ಹೀಗೆ ಅಳೆದಾಗ ಆರೋಗ್ಯವಂತರಲ್ಲಿ ಒಂದು ವಿನ್ಯಾಸ ಕಾಣುತ್ತದೆ. ಎಚ್ಚರವಾಗುವ ಹೊತ್ತಿಗೆ ಒತ್ತಡ ಬೇಗ ಏರುತ್ತದೆ. ಹಗಲೆಲ್ಲ ಕೆಲಸ, ಮಾತು, ಸಿಟ್ಟು, ಊಟಕ್ಕೆ ತಕ್ಕಂತೆ ಏರಿಳಿಯುತ್ತ ಮೇಲ್ಮಟ್ಟದಲ್ಲೇ ಇರುತ್ತದೆ. ನಿದ್ದೆ ಹತ್ತಿದ ಮೇಲೆ ಹಗಲಿನ ಸರಾಸರಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳ ಗೋಡೆಗೂ ಇದು ದಿನದಲ್ಲಿ ಸಿಗುವ ವಿಶ್ರಾಂತಿ.

ಕೆಲವರಲ್ಲಿ ಈ ಇಳಿತ ಶೇಕಡಾ 10ನ್ನೂ ಮುಟ್ಟುವುದಿಲ್ಲ. ಇಂಥವರನ್ನು ‘ಇಳಿಯದವರು’ ಎಂದು ಬೇರೆಯಾಗಿ ಗುರುತಿಸುವ ಕ್ರಮ 1988ರಲ್ಲಿ ಐರ್ಲೆಂಡಿನ ವೈದ್ಯರು ಪ್ರಕಟಿಸಿದ ಒಂದು ಚಿಕ್ಕ ಬರಹದಿಂದ ರೂಢಿಗೆ ಬಂತು. ಇನ್ನು ಕೆಲವರಲ್ಲಿ ರಾತ್ರಿಯ ಒತ್ತಡ ಹಗಲಿಗಿಂತಲೂ ಹೆಚ್ಚಿರುತ್ತದೆ.

ಲೆಕ್ಕ ಸರಳ. ಹಗಲಿನ ಸರಾಸರಿಯಿಂದ ರಾತ್ರಿಯ ಸರಾಸರಿಯನ್ನು ಕಳೆದು, ಬಂದದ್ದನ್ನು ಹಗಲಿನ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಉದಾಹರಣೆಗೆಂದು ಕಲ್ಪಿಸಿಕೊಂಡ ಮೂವರನ್ನು ತೆಗೆದುಕೊಳ್ಳೋಣ. ಮೊದಲನೆಯವರ ಸಂಕೋಚನ ಒತ್ತಡ ಹಗಲು 130, ರಾತ್ರಿ 113. ಇಳಿತ 17, ಅಂದರೆ ಸುಮಾರು ಶೇಕಡಾ 13. ಎರಡನೆಯವರದು ಹಗಲು 130, ರಾತ್ರಿ 124. ಇಳಿತ ಶೇಕಡಾ 5ಕ್ಕೂ ಕಡಿಮೆ. ಮೂರನೆಯವರದು ಹಗಲು 130, ರಾತ್ರಿ 134. ಇಲ್ಲಿ ಇಳಿತವೇ ಇಲ್ಲ, ಏರಿಕೆ. ಮೂವರೂ ಹಗಲು ಆರೋಗ್ಯ ಕೇಂದ್ರಕ್ಕೆ ಹೋದರೆ ಅವರ ಚೀಟಿಯಲ್ಲಿ ಬರೆಯುವ ಸಂಖ್ಯೆ ಹೆಚ್ಚುಕಡಿಮೆ ಒಂದೇ.

ಗಡಿಯಾರ ಎಲ್ಲಿದೆ?

ಜೀವಿಗಳೊಳಗೆ ಗಡಿಯಾರವಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಗಿಡಮರಗಳಿಂದ. ಅಲೆಕ್ಸಾಂಡರನ ದಂಡಿನಲ್ಲಿದ್ದ ಆಂಡ್ರೋಸ್ತೆನಿಸ್ ಎಂಬಾತ ಹುಣಸೆಮರದ ಎಲೆಗಳು ರಾತ್ರಿ ಮಡಚಿಕೊಂಡು ಹಗಲು ಬಿಚ್ಚಿಕೊಳ್ಳುವುದನ್ನು ಗಮನಿಸಿ ದಾಖಲಿಸಿದ್ದ. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮಡಚುತ್ತಿದ್ದವು. ಹಾಗಾದರೆ ಹೊತ್ತನ್ನು ತಿಳಿಸುವ ಏನೋ ಒಂದು ಗಿಡದ ಒಳಗೇ ಇರಬೇಕು.

ನಮ್ಮ ದೇಶದಲ್ಲಿ ಈ ವಿಷಯದ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು ಎಂ. ಕೆ. ಚಂದ್ರಶೇಖರನ್. ಮದುರೈನಲ್ಲಿದ್ದಾಗ ಗುಹೆಯ ಕತ್ತಲಲ್ಲಿ ವಾಸಿಸುವ ಬಾವಲಿಗಳ ದೈನಿಕ ಲಯವನ್ನು ಅವರು ಅಭ್ಯಸಿಸಿದರು. ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಹಣ್ಣಿನ ನೊಣಗಳನ್ನು ಬಳಸಿ ಜೈವಿಕ ಗಡಿಯಾರವನ್ನು ಅರಿಯುವ ಕೆಲಸ ನಡೆಯುತ್ತ ಬಂದಿದೆ. ಹಣ್ಣಿನ ನೊಣದಲ್ಲೇ 1971ರಲ್ಲಿ ಕೊನೊಪ್ಕಾ ಮತ್ತು ಬೆಂಜರ್ ಗಡಿಯಾರಕ್ಕೆ ಸಂಬಂಧಿಸಿದ ಮೊದಲ ಜೀನನ್ನು ಗುರುತಿಸಿದ್ದರು. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂತು.

ಬಗೆ ಹೀಗಿದೆ. ಜೀವಕೋಶದಲ್ಲಿ ಕೆಲವು ಜೀನ್‌ಗಳು ಪ್ರೋಟೀನನ್ನು ತಯಾರಿಸುತ್ತವೆ. ಪ್ರೋಟೀನು ಸಾಕಷ್ಟು ಸೇರಿದಾಗ ಅದೇ ಕೋಶಕೇಂದ್ರಕ್ಕೆ ಹೋಗಿ ತನ್ನ ತಯಾರಿಕೆಯನ್ನು ನಿಲ್ಲಿಸುತ್ತದೆ. ಇದ್ದ ಪ್ರೋಟೀನು ನಿಧಾನವಾಗಿ ಒಡೆದು ಕಡಿಮೆಯಾದ ಮೇಲೆ ತಯಾರಿಕೆ ಮತ್ತೆ ಶುರು. ತೊಟ್ಟಿ ತುಂಬಿದಾಗ ಮೋಟರು ನಿಂತು, ಖಾಲಿಯಾದಾಗ ತಾನೇ ಚಾಲೂ ಆಗುವ ವ್ಯವಸ್ಥೆಯನ್ನು ಹೋಲಿಕೆಯಾಗಿ ಕೊಟ್ಟರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಈ ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 24 ಗಂಟೆ.

ಮನುಷ್ಯನಲ್ಲಿ ಮುಖ್ಯ ಗಡಿಯಾರ ಮೆದುಳಿನ ಹೈಪೋಥಲಾಮಸ್‌ನಲ್ಲಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ನೇರ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗುಚ್ಛ. ಇದರ ಹೆಸರು ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಅದರ ಸ್ವಂತ ಸುತ್ತು 24 ಗಂಟೆಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ದಿನವೂ ಸರಿಪಡಿಸಿಕೊಳ್ಳಬೇಕು. ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಹೃದಯ, ಮೂತ್ರಪಿಂಡ, ಯಕೃತ್ತು, ರಕ್ತನಾಳಗಳ ಕೋಶಗಳಲ್ಲೂ ಇಂಥದೇ ಚಿಕ್ಕ ಗಡಿಯಾರಗಳಿವೆ. ಮುಖ್ಯ ಗಡಿಯಾರ ಇವುಗಳನ್ನು ಒಂದು ತಾಳಕ್ಕೆ ತರುತ್ತದೆ. ಊಟದ ಹೊತ್ತು ಕೂಡ ಕೆಲವು ಅಂಗಗಳ ಗಡಿಯಾರವನ್ನು ಹಿಂದೆಮುಂದೆ ಮಾಡಬಲ್ಲದು.

ಗಡಿಯಾರದಿಂದ ರಕ್ತನಾಳಕ್ಕೆ ಮೂರು ದಾರಿ

ಮೊದಲನೆಯದು ನರಗಳ ದಾರಿ. ದೇಹವನ್ನು ಕೆಲಸಕ್ಕೆ ಅಣಿಗೊಳಿಸುವ ಸಿಂಪಥೆಟಿಕ್ ನರಗಳು ಹಗಲಿನಲ್ಲಿ ಚುರುಕಾಗಿರುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ರಾತ್ರಿ ಇವುಗಳ ಚಟುವಟಿಕೆ ತಗ್ಗಿದಾಗ ರಕ್ತನಾಳ ಸಡಿಲಗೊಳ್ಳುತ್ತದೆ.

ಎರಡನೆಯದು ಹಾರ್ಮೋನುಗಳ ದಾರಿ. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ರಾತ್ರಿ ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಈ ಸ್ರವಿಕೆ ಕುಗ್ಗುತ್ತದೆ. ಬೆಳಗಿನ ಜಾವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಏರತೊಡಗಿ ಏಳುವ ಹೊತ್ತಿಗೆ ಗರಿಷ್ಠಕ್ಕೆ ಬರುತ್ತದೆ.

ಮೂರನೆಯದು ಮೂತ್ರಪಿಂಡದ ದಾರಿ. ಪಾಠದಲ್ಲಿ ಇದನ್ನು ನಾವು ಬಹಳ ಸಲ ಬಿಟ್ಟುಬಿಡುತ್ತೇವೆ. ಮೂತ್ರಪಿಂಡ ಹಗಲು ಹೆಚ್ಚು ಉಪ್ಪು ಮತ್ತು ನೀರನ್ನು ಹೊರಹಾಕುತ್ತದೆ, ರಾತ್ರಿ ಕಡಿಮೆ. ಆದ್ದರಿಂದಲೇ ಆರೋಗ್ಯವಂತರು ಏಳೆಂಟು ಗಂಟೆ ಎದ್ದೇಳದೆ ಮಲಗಬಲ್ಲರು. ತಿಂದ ಉಪ್ಪು ಅತಿಯಾಗಿ, ಅಥವಾ ಮೂತ್ರಪಿಂಡ ದುರ್ಬಲವಾಗಿ, ಹಗಲಿನಲ್ಲಿ ಉಪ್ಪು ಪೂರ್ತಿ ಹೊರಹೋಗದಿದ್ದರೆ ಉಳಿದದ್ದನ್ನು ರಾತ್ರಿ ಹೊರಹಾಕಬೇಕಾಗುತ್ತದೆ. ಅದಕ್ಕೆ ರಕ್ತ ಒತ್ತಡದಿಂದ ಹರಿಯಬೇಕು. ಹಾಗಾಗಿ ಒತ್ತಡ ಇಳಿಯುವುದಿಲ್ಲ, ರಾತ್ರಿ ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ. ಜಪಾನಿನ ವೈದ್ಯರು 1990ರ ದಶಕದಲ್ಲಿ ‘ಇಳಿಯದ’ ರೋಗಿಗಳ ಊಟದಲ್ಲಿ ಉಪ್ಪನ್ನು ಕಡಿಮೆ ಮಾಡಿಸಿದಾಗ ರಾತ್ರಿಯ ಇಳಿತ ಮರಳಿದ್ದನ್ನು ಕಂಡರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಹೆಚ್ಚುಕಡಿಮೆ ಒಂದು ಟೀ ಚಮಚ. ಸಾರು, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ಎಲ್ಲವೂ ಸೇರಿ ಆ ಒಂದು ಚಮಚದೊಳಗೆ ಇರಬೇಕು.

ನಿದ್ದೆಯೋ, ಗಡಿಯಾರವೋ?

ಇಲ್ಲಿ ಚುರುಕಿನ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಕೇಳಬಹುದು, ಕೇಳದಿದ್ದರೆ ನಾವೇ ಕೇಳಬೇಕು. ಮಲಗಿದರೆ, ನಿದ್ದೆ ಮಾಡಿದರೆ ಒತ್ತಡ ಹೇಗೂ ಇಳಿಯುತ್ತದಲ್ಲ, ಅದರಲ್ಲಿ ಗಡಿಯಾರದ ಪಾತ್ರವೇನು? ಚರಗಳನ್ನು ಬೇರ್ಪಡಿಸುವುದು ಹೇಗೆ ಎಂಬ ವೈಜ್ಞಾನಿಕ ವಿಧಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಸ್ವಯಂಸೇವಕರನ್ನು ಕಿಟಕಿ, ಗಡಿಯಾರ ಇಲ್ಲದ ಮಂದಬೆಳಕಿನ ಕೊಠಡಿಗಳಲ್ಲಿ ಇರಿಸಿದರು. ಅಲ್ಲಿ ಕೆಲವರಿಗೆ ‘ದಿನ’ 20 ಗಂಟೆ, ಇನ್ನು ಕೆಲವರಿಗೆ 28 ಗಂಟೆ. ಮೆದುಳಿನ ಗಡಿಯಾರಕ್ಕೆ ಅಂಥ ದಿನಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ, ಅದು ತನ್ನ ಸುಮಾರು 24 ಗಂಟೆಯ ಲಯದಲ್ಲೇ ಓಡುತ್ತದೆ. ಹೀಗೆ ಕೆಲವು ದಿನಗಳಲ್ಲಿ ಗಡಿಯಾರದ ಪ್ರತಿಯೊಂದು ಗಳಿಗೆಯಲ್ಲೂ ಎಚ್ಚರವೂ ಬರುತ್ತದೆ, ನಿದ್ದೆಯೂ ಬರುತ್ತದೆ. ನಿದ್ದೆಯ ಪರಿಣಾಮವನ್ನು ಕಳೆದ ಮೇಲೂ ಒತ್ತಡದಲ್ಲಿ ದೈನಿಕ ಲಯ ಉಳಿದಿತ್ತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆ ಲಯದ ತುತ್ತತುದಿ ರಾತ್ರಿ ಸುಮಾರು 9 ಗಂಟೆಗೆ ಸಮನಾದ ಹೊತ್ತಿಗಿತ್ತು. ಆದರೆ ಅದರ ಏರಿಳಿತ ಕೆಲವೇ ಮಿಲಿಮೀಟರ್‌ಗಳಷ್ಟು.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ರಾತ್ರಿ ಒತ್ತಡ ಇಳಿಯುವುದರಲ್ಲಿ ದೊಡ್ಡ ಪಾಲು ನಿದ್ದೆ, ಮಲಗಿದ ಭಂಗಿ ಮತ್ತು ವಿಶ್ರಾಂತಿಯದು. ಗಡಿಯಾರದ ನೇರ ಪಾಲು ಚಿಕ್ಕದಾದರೂ ನಿಜ. ಜೊತೆಗೆ ನಿದ್ದೆ ಯಾವಾಗ ಚೆನ್ನಾಗಿ ಬರಬೇಕು, ಮೂತ್ರಪಿಂಡ ಯಾವಾಗ ಉಪ್ಪು ತಡೆಯಬೇಕು ಎಂಬುದನ್ನು ನಿರ್ಧರಿಸುವುದೂ ಗಡಿಯಾರವೇ. ‘ಗಡಿಯಾರವೇ ಎಲ್ಲ’ ಎಂದೂ ‘ನಿದ್ದೆಯೇ ಎಲ್ಲ’ ಎಂದೂ ಮಕ್ಕಳಿಗೆ ಹೇಳಬಾರದು. ಎರಡೂ ಒಂದೇ ಹೊತ್ತಿಗೆ ಕೂಡಿದಾಗ ಪೂರ್ಣ ಇಳಿತ ಸಿಗುತ್ತದೆ.

ಇಲಿಯ ಉದಾಹರಣೆ ಇನ್ನೊಂದು ತಪ್ಪುಕಲ್ಪನೆಯನ್ನು ತಿದ್ದುತ್ತದೆ. ಇಲಿ ನಿಶಾಚರಿ, ಅದರ ಒತ್ತಡ ರಾತ್ರಿ ಹೆಚ್ಚು, ಹಗಲು ಕಡಿಮೆ. ಕತ್ತಲೆಗೆ ತಾನಾಗಿ ಒತ್ತಡ ಇಳಿಸುವ ಗುಣವೇನೂ ಇಲ್ಲ. ಆಯಾ ಪ್ರಾಣಿಯ ಚಟುವಟಿಕೆಯ ಕಾಲಕ್ಕೆ ದೇಹವನ್ನು ಮುಂಚಿತವಾಗಿ ಅಣಿಮಾಡುವುದು ಗಡಿಯಾರದ ಕೆಲಸ.

ಇಳಿಯದಿದ್ದರೆ ಏನಾಗುತ್ತದೆ?

ಜಪಾನಿನ ಓಹಸಾಮಾ ಎಂಬ ಊರಿನ ಜನರ ದಿನವಿಡೀ ಒತ್ತಡವನ್ನು ಅಳೆದು, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸಲಾಯಿತು. ರಾತ್ರಿಯ ಇಳಿತ ಶೇಕಡಾ 5ರಷ್ಟು ಕಡಿಮೆಯಾದಂತೆಲ್ಲ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಅಪಾಯ ಸುಮಾರು ಶೇಕಡಾ 20ರಷ್ಟು ಹೆಚ್ಚಿದ್ದು 2002ರಲ್ಲಿ ವರದಿಯಾಯಿತು. ಒಟ್ಟು ಒತ್ತಡ ಹೆಚ್ಚಿಲ್ಲದವರಲ್ಲೂ ಈ ಸಂಬಂಧ ಕಂಡಿತು. ಪಾರ್ಶ್ವವಾಯು, ಹೃದಯಾಘಾತದ ಅಪಾಯವನ್ನು ಹಗಲಿನ ಒತ್ತಡಕ್ಕಿಂತ ರಾತ್ರಿಯ ಒತ್ತಡ ಚೆನ್ನಾಗಿ ಸೂಚಿಸುತ್ತದೆಂದು ಬೇರೆ ಅಧ್ಯಯನಗಳೂ ತೋರಿಸಿವೆ. ಅದಕ್ಕಾಗಿಯೇ ದಿನವಿಡೀ ಅಳೆಯುವಾಗ ರಾತ್ರಿಗೆ ಬೇರೆ ಮಿತಿಯಿದೆ: ಹಗಲಿನ ಸರಾಸರಿ 135/85 ದಾಟಿದರೆ ಹೆಚ್ಚು, ರಾತ್ರಿಯ ಸರಾಸರಿ 120/70 ದಾಟಿದರೇ ಹೆಚ್ಚು.

ಇಳಿಯದಿರಲು ಕಾರಣಗಳು ಹಲವು. ಮಧುಮೇಹ, ಮೂತ್ರಪಿಂಡದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅತಿ ಉಪ್ಪು, ಮುಪ್ಪು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತು ಬೆಚ್ಚಿ ಏಳುವವರನ್ನು ಮನೆಯವರು ‘ಗಾಢ ನಿದ್ದೆ’ ಎಂದುಕೊಳ್ಳುವುದುಂಟು. ಅಂಥವರು ವೈದ್ಯರನ್ನು ಕಾಣಬೇಕು.

ರಾತ್ರಿ ಪಾಳಿ ಇನ್ನೊಂದು ಕಾರಣ. ತೋಟಕ್ಕೆ ನೀರು ಹಾಯಿಸಿ ಬಂದವರು ಹಗಲು ಮಲಗಿದರೆ ಒತ್ತಡ ಇಳಿಯುತ್ತದೆ. ಆದರೆ ಬೆಳಕು, ಸೆಕೆ, ಮನೆಯ ಗದ್ದಲದ ನಡುವೆ ಆ ನಿದ್ದೆ ತುಂಡುತುಂಡಾಗುತ್ತದೆ. ಒಳಗಿನ ಗಡಿಯಾರವೂ ಆಗ ‘ಏಳುವ ಹೊತ್ತು’ ಎನ್ನುತ್ತಿರುತ್ತದೆ. ಬಾಸ್ಟನ್ನಿನಲ್ಲೇ ಆರೋಗ್ಯವಂತರ ದಿನಚರಿಯನ್ನು 12 ಗಂಟೆ ತಿರುಗಿಸಿ ನೋಡಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರ 24 ಗಂಟೆಯ ಸಂಕೋಚನ ಒತ್ತಡ ಸರಾಸರಿ 3 ಮಿಲಿಮೀಟರಿನಷ್ಟು ಏರಿತು, ನಿದ್ದೆಯಲ್ಲಿನ ಇಳಿತವೂ ಕುಗ್ಗಿತು. ಒಬ್ಬರಿಗೆ 3 ಅಲ್ಪವೆನಿಸಬಹುದು. ವರ್ಷಗಟ್ಟಲೆ, ಸಾವಿರಾರು ಜನರಲ್ಲಿ ಅದು ಅಲ್ಪವಲ್ಲ.

ಮಾತ್ರೆಯ ಹೊತ್ತಿನ ಬಗ್ಗೆ ಒಂದು ಎಚ್ಚರಿಕೆ

ರಾತ್ರಿಯ ಒತ್ತಡ ಇಷ್ಟು ಮುಖ್ಯವಾದರೆ ಬಿ.ಪಿ. ಮಾತ್ರೆಯನ್ನು ರಾತ್ರಿಯೇ ನುಂಗಬೇಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ. ಸ್ಪೇನಿನ ಒಂದು ಅಧ್ಯಯನ ಹಾಗೆ ನುಂಗುವುದರಿಂದ ಬಹಳ ಲಾಭವಿದೆ ಎಂದು ಹೇಳಿತ್ತು. ಆದರೆ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ಐದು ವರ್ಷಕ್ಕೂ ಮಿಕ್ಕಿ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತರ್ಕಕ್ಕೆ ಒಪ್ಪುವ ಊಹೆಯನ್ನೂ ಪ್ರಯೋಗದಿಂದ ಒರೆಹಚ್ಚಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಮಕ್ಕಳು ಮನೆಗೆ ಹೋಗಿ ಅಜ್ಜಿಯ ಮಾತ್ರೆಯ ಹೊತ್ತು ಬದಲಿಸುವಂತೆ ಹೇಳಬಾರದು. ಮರೆಯದೆ ದಿನವೂ ನುಂಗುವುದು ಮುಖ್ಯ, ಹೊತ್ತನ್ನು ವೈದ್ಯರು ಹೇಳಲಿ.

ತರಗತಿಗೆ ಒಯ್ಯುವುದು ಹೇಗೆ?

ಈ ವಿಷಯಕ್ಕೆ ಪ್ರತ್ಯೇಕ ಅವಧಿ ಬೇಕಿಲ್ಲ. ‘ಜೀವಕ್ರಿಯೆಗಳು’ ಅಧ್ಯಾಯದ ಚೌಕಟ್ಟಿಗೆ ಹತ್ತು ನಿಮಿಷ, ಮುಂದೆ ಹಾರ್ಮೋನುಗಳ ಪಾಠದಲ್ಲಿ ಇನ್ನು ಹತ್ತು ನಿಮಿಷ ಸಾಕು. ಪಾಠಯೋಜನೆಯಲ್ಲಿ ಮೂರು ಚಟುವಟಿಕೆಗಳನ್ನು ಸೇರಿಸಬಹುದು.

ಒಂದು, ಹುಣಸೆ ಸಸಿಯ ಚಟುವಟಿಕೆ. ಒಂದೇ ವಯಸ್ಸಿನ ಎರಡು ಸಸಿಗಳಲ್ಲಿ ಒಂದನ್ನು ಬಯಲಲ್ಲಿ, ಇನ್ನೊಂದನ್ನು ಬೆಳಕು ನುಸುಳದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿಸಿ. ಎರಡು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಕ್ಷಣಮಾತ್ರ ತೆರೆದು ಎಲೆ ಬಿಚ್ಚಿದೆಯೇ ಮಡಚಿದೆಯೇ ಎಂದು ಗುರುತು ಹಾಕಿಸಿ. ಬಯಲಿನ ಸಸಿಯೊಂದನ್ನೇ ನೋಡಿದರೆ ಗಡಿಯಾರವಿದೆ ಎಂದು ಹೇಳಲು ಏಕೆ ಬಾರದು ಎಂದು ಕೇಳಿ.

ಎರಡು, ನಾಡಿಯ ದಾಖಲೆ. ಮನೆಯಲ್ಲಿ ಎದ್ದ ಕೂಡಲೇ ಹಾಸಿಗೆಯಲ್ಲೇ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ, ಐದು ನಿಮಿಷ ಸುಮ್ಮನೆ ಕುಳಿತ ನಂತರ ಒಂದು ನಿಮಿಷದ ನಾಡಿಬಡಿತವನ್ನು ಮೂರು ದಿನ ಬರೆಯಲಿ. ತರಗತಿಯಲ್ಲಿ ಸರಾಸರಿ ತೆಗೆದು ನಕ್ಷೆ ಬಿಡಿಸಲಿ. ನಾಡಿಬಡಿತವೂ ರಕ್ತದೊತ್ತಡವೂ ಬೇರೆ ಬೇರೆ ಎಂಬುದನ್ನು ಈ ಹಂತದಲ್ಲಿ ಸ್ಪಷ್ಟಪಡಿಸಬೇಕು. ಎದ್ದ ಕೂಡಲೇ ಮಲಗಿದ್ದಲ್ಲೇ ಎಣಿಸಿದ್ದನ್ನು ಕುಳಿತು ಎಣಿಸಿದ್ದರೊಡನೆ ಹೋಲಿಸುವುದು ನ್ಯಾಯವೇ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂದರೆ ಪಾಠ ಗೆದ್ದಂತೆ.

ಮೂರು, ಮೇಲೆ ಕೊಟ್ಟ ಮೂವರ ಲೆಕ್ಕ. ಶೇಕಡಾವಾರು ಕಲಿತ ಯಾವ ಮಗುವೂ ಇದನ್ನು ಮಾಡಬಲ್ಲದು. ಗಣಿತದ ಪ್ರಶಿಕ್ಷಣಾರ್ಥಿಗಳೊಂದಿಗೆ ಸೇರಿ ಮಾಡಿದರೆ ಎರಡು ವಿಷಯಗಳ ಸಮನ್ವಯವೂ ಆಗುತ್ತದೆ.

ಮಕ್ಕಳ ಅಥವಾ ಪೋಷಕರ ರಕ್ತದೊತ್ತಡವನ್ನು ತರಗತಿಯಲ್ಲಿ ಅಳೆಯುವುದು, ಮನೆಯವರ ಕಾಯಿಲೆಯನ್ನು ಎಲ್ಲರೆದುರು ಕೇಳುವುದು ಬೇಡ. ರಾತ್ರಿ ದುಡಿಯುವ ತಂದೆತಾಯಿಯ ಮಗುವಿಗೆ ಭಯ ಹುಟ್ಟಿಸುವಂತೆಯೂ ಮಾತಾಡಬಾರದು. ಕರೆಂಟಿನ ಪಾಳಿಯನ್ನು ಆ ಮನೆಯವರು ಆರಿಸಿಕೊಂಡಿಲ್ಲ. ಅವರ ಕೈಯಲ್ಲಿರುವುದನ್ನು ಹೇಳೋಣ: ಪಾಳಿ ಮುಗಿಸಿ ಬಂದವರು ಮಲಗುವ ಕೋಣೆಯನ್ನು ಕತ್ತಲು ಮಾಡಿಕೊಡುವುದು, ಆಗ ಮನೆಯಲ್ಲಿ ಸದ್ದು ಕಡಿಮೆ ಮಾಡುವುದು, ಅಡುಗೆಗೆ ಉಪ್ಪು ಹಿಡಿತದಲ್ಲಿ ಹಾಕುವುದು, 30 ವರ್ಷ ದಾಟಿದವರಿಗೆ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನಡೆಯುವ ತಪಾಸಣೆಗೆ ಹೋಗುವುದು, ರಾತ್ರಿ ಪಾಳಿಯ ಕೆಲಸವಿದೆ ಎಂಬುದನ್ನು ವೈದ್ಯರಿಗೆ ತಾವಾಗಿ ತಿಳಿಸುವುದು.

ಮೌಲ್ಯಮಾಪನಕ್ಕೆ ‘ಸಾಮಾನ್ಯ ರಕ್ತದೊತ್ತಡ ಎಷ್ಟು?’ ಎಂಬುದರ ಜೊತೆಗೆ ಈ ಪ್ರಶ್ನೆಗಳನ್ನೂ ಇಡಬಹುದು. ಮಧ್ಯಾಹ್ನ ಒಮ್ಮೆ ಅಳೆದಾಗ 118/76 ಬಂದವರಿಗೆ ರಾತ್ರಿಯೂ ಒತ್ತಡ ಸರಿಯಿದೆ ಎಂದು ಹೇಳಬಹುದೇ, ಕಾರಣ ಕೊಡಿ. ಇಲಿಯ ರಕ್ತದೊತ್ತಡ ರಾತ್ರಿ ಏಕೆ ಏರುತ್ತದೆ? ಹಗಲಿನಲ್ಲಿ ಉಪ್ಪು ಹೊರಹೋಗದಿದ್ದರೆ ರಾತ್ರಿ ಒತ್ತಡ ಏಕೆ ಇಳಿಯುವುದಿಲ್ಲ? ಮೊದಲ ಪ್ರಶ್ನೆಗೆ ‘ಹೇಳಲಾಗದು, ಅದು ಆ ಹೊತ್ತಿನ ಅಳತೆ ಮಾತ್ರ’ ಎಂದು ತನ್ನ ಮಾತಿನಲ್ಲಿ ಬರೆದ ಮಗುವಿಗೆ ಪೂರ್ಣ ಅಂಕ ಕೊಡಿ.